ಅಪ್ಪ ಅಮ್ಮ, ಮಕ್ಕಳ ಜೊತೆ ಕ್ರೂಸ್: ಯಾವ ಹಡಗು ನಿಮ್ಮನೆಗೆ ಸರಿ ಅಂತ ನೋಡೋದು ಹೇಗೆ

ಬೇಸಿಗೆಲಿ ಊರಿಂದ ಅಪ್ಪ ಅಮ್ಮ ಬರ್ತಾರೆ, ಮಕ್ಕಳಿಗೆ ಸ್ಕೂಲ್ ರಜ, ಎಲ್ರನ್ನೂ ಕರ್ಕೊಂಡು ಎಲ್ಲಾದ್ರೂ ಹೋಗ್ಬೇಕು ಅಂದ್ರೆ ಅಮೆರಿಕದಲ್ಲಿರೋ ನಮ್ಮವರ ಮನೇಲಿ ಮೊದಲು ಬರೋ ಮಾತು ಕ್ರೂಸ್, ಅಂದ್ರೆ ದೊಡ್ಡ ಹಡಗಲ್ಲೇ ಉಳ್ಕೊಂಡು ಸುತ್ತೋ ಪ್ರವಾಸ. ವಯಸ್ಸಾದವರು ಜಾಸ್ತಿ ನಡೀಬೇಕಿಲ್ಲ, ದಿನಾ ಬ್ಯಾಗ್ ಕಟ್ಟಿ ಬಿಚ್ಚೋ ಕೆಲ್ಸ ಇಲ್ಲ, ಯಾರೂ ಅಡುಗೆಮನೆಗೆ ಹೋಗ್ಬೇಕಿಲ್ಲ. ಆಮೇಲೆ ಶುರುವಾಗತ್ತೆ, ಯಾವ ಕಂಪನಿ ಚೆನ್ನಾಗಿದೆ ಅಂತ. ಒಬ್ರು ಡಿಸ್ನಿ ಅಂತಾರೆ, ಇನ್ನೊಬ್ರು ಅಷ್ಟು ದುಡ್ಡು ದಂಡ ರಾಯಲ್ ಕೆರಿಬಿಯನ್ ಸಾಕು ಅಂತಾರೆ, ಮತ್ತೊಬ್ರು ಎಂಎಸ್‌ಸಿ ಸಕತ್ ಚೀಪ್ ಅಂತಾರೆ, ಎಲ್ರೂ ಹೇಳೋದು ನಿಜಾನೇ, ಯಾಕಂದ್ರೆ ಅವರವರ ಮನೇಲಿ ಊಟಕ್ಕೆ ಕೂರೋರು ಬೇರೆ ಬೇರೆ. ನಾವು ಡಲ್ಲಾಸ್ ಕಡೆ ಇರೋದು, ಇಲ್ಲೀವರೆಗೆ ಐದು ಸಲ ಹೋಗಿ ಬಂದಿದೀವಿ, ಅದರಲ್ಲಿ ಎರಡು ಸಲ ಅಮ್ಮ, ಅತ್ತೆ ಮಾವನ ಜೊತೆ. ಹಡಗುಗಳನ್ನ ಹೆಂಗೆ ಪಕ್ಕಪಕ್ಕ ಇಟ್ಟು ನೋಡ್ಬೇಕು ಅಂತ ನಾನು ಕಲ್ತಿದ್ದನ್ನ ಇಲ್ಲಿ ಬರೀತೀನಿ.

ಫೇರ್ (ಟಿಕೆಟ್ ದುಡ್ಡು) ನೋಡೋಕೆ ಮುಂಚೆ ಒಂದು ಹಾಳೆ ತಗೊಂಡು ಬರೋರ ಹೆಸರು ಬರೀರಿ, ಪಕ್ಕದಲ್ಲಿ ಅವರ ವಯಸ್ಸು, ಏನು ತಿಂತಾರೆ, ಎಷ್ಟೊತ್ತಿಗೆ ತಿಂತಾರೆ. ಅಮ್ಮ: 68, ಮೊಟ್ಟೆ ಕೂಡ ಇಲ್ಲ, ರಾತ್ರಿ ಏಳೂವರೆ ಒಳಗೆ ಊಟ ಆಗ್ಬೇಕು. ಚಿಕ್ಕವನು: ಎರಡೂವರೆ, ಇನ್ನೂ ಡೈಪರ್. ಇದು ಸಣ್ಣ ವಿಷ್ಯ ಅನ್ಸತ್ತೆ ಆದ್ರೆ ಮುಂದೆ ಆರಿಸೋದೆಲ್ಲ ಈ ಹಾಳೆ ಮೇಲೇನೇ. ನಮ್ಮ ಮೊದಲನೇ ಟ್ರಿಪ್‌ನಲ್ಲಿ ನಾವು ಇದನ್ನ ಮಾಡ್ಲಿಲ್ಲ, ಬುಕ್ ಮಾಡುವಾಗ ವೆಜಿಟೇರಿಯನ್ ಅಂತ ಟಿಕ್ ಮಾಡಿ ಸುಮ್ನಾದ್ವಿ. ಮೊದಲೆರಡು ದಿನ ಅಮ್ಮನ ತಟ್ಟೆಗೆ ಬಂದಿದ್ದು ಬೇಯಿಸಿದ ಬ್ರಾಕಲಿ, ಆಲೂಗಡ್ಡೆ, ಬ್ರೆಡ್ಡು. ಮೂರನೇ ದಿನ ತರಕಾರಿ ಸೂಪ್ ಅಂತ ಕುಡಿದಿದ್ದು ಚಿಕನ್ ಸ್ಟಾಕ್‌ನಲ್ಲಿ (ಕೋಳಿ ಬೇಯಿಸಿದ ನೀರು) ಮಾಡಿದ್ದು ಅಂತ ಆಮೇಲೆ ಗೊತ್ತಾಯ್ತು, ಅಮ್ಮ ಏನೂ ಅನ್ಲಿಲ್ಲ ಆದ್ರೆ ಆವತ್ತಿಂದ ಬರೀ ಹಣ್ಣು ಮೊಸರು ತಿಂದ್ರು. ಅಷ್ಟು ದುಡ್ಡು ಕೊಟ್ಟು ಕರ್ಕೊಂಡು ಹೋಗಿ ಅಮ್ಮನ್ನ ಹಸಿವಲ್ಲಿ ಇಟ್ವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಊಟದ ವಿಷ್ಯಕ್ಕೆ ಬರೋಣ, ಇದೇ ಮುಖ್ಯ. ದೊಡ್ಡ ಹಡಗಲ್ಲಿ ಫೇರ್ ಒಳಗೇ ಬರೋ ಊಟ ಎರಡು ಕಡೆ ಸಿಗತ್ತೆ, ಒಂದು ಬಫೆ, ಇನ್ನೊಂದು ಕೂತು ತಿನ್ನೋ ಮೇನ್ ಡೈನಿಂಗ್ ರೂಂ. ನಮ್ಮವರು ಹೆಚ್ಚಿನವರು ಬಫೆಲೇ ಮುಗಿಸ್ತಾರೆ, ಅದು ತಪ್ಪು ಅಂತ ನನ್ನ ಅಭಿಪ್ರಾಯ. ಬಫೆಲಿ ಬೇಳೆ, ಅನ್ನ, ಯಾವ್ದೋ ಒಂದು ಕರಿ ಒಂದೊಂದಿನ ಇರತ್ತೆ ಒಂದೊಂದಿನ ಇರಲ್ಲ. ಡೈನಿಂಗ್ ರೂಂನಲ್ಲಿ ಮೊದಲನೇ ರಾತ್ರಿನೇ ಹೆಡ್ ವೇಟರ್‌ನ ಕರೆದು ಇಂಡಿಯನ್ ವೆಜಿಟೇರಿಯನ್ ಬೇಕು ಅಂತ ಕೇಳಿದ್ರೆ ರಾಯಲ್ ಕೆರಿಬಿಯನ್, ಕಾರ್ನಿವಲ್, ಡಿಸ್ನಿ ಮೂರರಲ್ಲೂ ಮೆನುಲಿ ಇಲ್ದಿದ್ರೂ ಮಾಡಿಕೊಡ್ತಾರೆ, ನಾಳೆಗೆ ಏನು ಬೇಕು ಅಂತ ಹಿಂದಿನ ರಾತ್ರಿನೇ ಬರ್ಕೊಂಡು ಹೋಗ್ತಾರೆ. ಕಿಚನ್‌ನಲ್ಲಿ ಇಂಡಿಯನ್ ಕುಕ್‌ಗಳು ಇರ್ತಾರೆ, ಹೆಡ್ ವೇಟರ್‌ಗಳಲ್ಲೂ ಗೋವಾ, ಮುಂಬೈ, ಮಂಗಳೂರು ಕಡೆಯವರು ಆಗಾಗ ಸಿಗ್ತಾರೆ. ಒಂದು ಸಲ ನಮಗೆ ಸಿಕ್ಕಿದವರು ಕುಂದಾಪುರದವರು, ಅಮ್ಮನ ಹತ್ರ ಬಂದು "ಅಮ್ಮ, ನಾಳೆಗೆ ಎಂತ ಮಾಡಿಸ್ಲಿ?" ಅಂತ ಕೇಳಿದ್ದೇ ತಡ, ಅಮ್ಮನ ಮುಖ ಅರಳಿದ್ದು ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ.

ಕೇಳುವಾಗ ಬರೀ ವೆಜಿಟೇರಿಯನ್ ಅಂದ್ರೆ ಸಾಲದು. ಮೊಟ್ಟೆ ಇಲ್ಲ, ಮೀನಿಲ್ಲ, ಚಿಕನ್ ಸ್ಟಾಕ್ ಇಲ್ಲ, ಜೆಲಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ಮಾಡೋದು) ಇಲ್ಲ ಅಂತ ಒಂದೊಂದಾಗಿ ಬಿಡಿಸಿ ಹೇಳಿ. ಥಾಯ್ ಕರಿಲಿ ಫಿಶ್ ಸಾಸ್, ಮೂಸ್ ಅನ್ನೋ ಸಿಹಿಲಿ ಜೆಲಟಿನ್, ಕೇಕ್ ಅಂದ್ರೆ ಮೊಟ್ಟೆ. ಜೈನ್ ಊಟ ಬೇಕಿದ್ರೆ ಈರುಳ್ಳಿ ಬೆಳ್ಳುಳ್ಳಿದೂ ಸೇರಿಸಿ. ಹಡಗು ಹೊರಡೋಕೆ ಒಂದೂವರೆ ಎರಡು ತಿಂಗಳ ಮುಂಚೆನೇ ಕಂಪನಿಯ ಸ್ಪೆಷಲ್ ನೀಡ್ಸ್ ವಿಭಾಗಕ್ಕೆ ಇದನ್ನೆಲ್ಲ ಬರೆದು ಕಳಿಸಿ, ಉತ್ತರ ಬಂದ್ರೆ ಪ್ರಿಂಟ್ ಮಾಡಿಟ್ಕೊಳ್ಳಿ.

ಕಂಪನಿ ಕಂಪನಿಗೆ ಊಟದ ರೀತಿ ಬೇರೆ. ಡಿಸ್ನಿಲಿ ಮೂರು ರೆಸ್ಟೋರೆಂಟ್ ಇದ್ದು ನೀವು ದಿನಕ್ಕೊಂದರಲ್ಲಿ ಊಟ ಮಾಡ್ತೀರ, ನಿಮ್ಮ ಸರ್ವರ್‌ಗಳೂ ನಿಮ್ಮ ಜೊತೇಲೇ ರೆಸ್ಟೋರೆಂಟ್ ಬದಲಾಯಿಸ್ತಾರೆ, ಅಂದ್ರೆ ಮೊದಲ ದಿನ ಒಂದು ಸಲ ಹೇಳಿದ್ರೆ ಮುಗೀತು, ಎರಡನೇ ರಾತ್ರಿಗೆ ಮಗುಗೆ ಆ್ಯಪಲ್ ಜ್ಯೂಸ್, ಅಮ್ಮನಿಗೆ ಬಿಸಿನೀರು ಕೇಳದೇನೇ ಬಂದಿರತ್ತೆ. ನಾರ್ವೇಜಿಯನ್ ಅನ್ನೋ ಕಂಪನಿ ಇದಕ್ಕೆ ಪೂರ್ತಿ ಉಲ್ಟಾ, ಫ್ರೀಸ್ಟೈಲ್ ಅಂತ, ಟೈಮ್ ಇಲ್ಲ ಟೇಬಲ್ ಇಲ್ಲ, ಯಾವಾಗ ಬೇಕಾದ್ರೂ ಎಲ್ಲಿ ಬೇಕಾದ್ರೂ ಹೋಗಿ ತಿನ್ನಿ. ಗಂಡ ಹೆಂಡ್ತಿ ಇಬ್ರೇ ಹೋದ್ರೆ ಅದು ಬಲು ಚಂದ, ಆದ್ರೆ ದಿನಾ ಹೊಸ ವೇಟರ್‌ಗೆ ಮೊಟ್ಟೆ ಪುರಾಣ ಮೊದಲಿಂದ ಹೇಳ್ಬೇಕಾಗತ್ತೆ. ಅವರ ಹೊಸ ಹಡಗು ಪ್ರೈಮಾ, ವೀವಾ, ಆಕ್ವಾದಲ್ಲಿ ಇಂಡಲ್ಜ್ ಅಂತ ಫುಡ್ ಹಾಲ್ ಇದೆ, ಅದರೊಳಗೆ ತಮಾರಾ ಅಂತ ಇಂಡಿಯನ್ ಕೌಂಟರ್, ಎಕ್ಸ್‌ಟ್ರಾ ದುಡ್ಡು ಇಲ್ಲ. ಹಾಗಾಗಿ ನಾರ್ವೇಜಿಯನ್ ಆದ್ರೆ ಇಂಡಲ್ಜ್ ಇರೋ ಹಡಗೇ ನೋಡಿ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಲ್ಲಿ ಫಿಕ್ಸೆಡ್ ಟೈಮ್ ಬೇಕಾ, ಬೇಕಾದಾಗ ಬರ್ತೀರಾ ಅಂತ ಕೇಳ್ತಾರೆ, ಹಿರಿಯರಿದ್ರೆ ಕಣ್ಣು ಮುಚ್ಕೊಂಡು ಫಿಕ್ಸೆಡ್, ಅದೂ ಮೊದಲನೇ ಸೀಟಿಂಗ್ (ಸಂಜೆ ಬೇಗ ಕೂರೋ ಊಟದ ಸರದಿ) ತಗೊಳ್ಳಿ, ಅದೇ ಟೇಬಲ್ ಅದೇ ವೇಟರ್ ದಿನಾ ಸಿಗ್ತಾರೆ. ಕಾರ್ನಿವಲ್‌ನ ಕೆಲವು ಹಡಗಲ್ಲಿ ಮೇಲಿನ ಡೆಕ್‌ನಲ್ಲಿ ತಂದೂರ್ ಕೌಂಟರ್ ಕೂಡ ಇದೆ, ಗೈಸ್ ಅನ್ನೋ ಕೌಂಟರ್‌ನ ಬರ್ಗರ್, ಪಿಜ್ಜಾ ಎಲ್ಲ ಫೇರ್ ಒಳಗೇ, ಹದಿನಾಲ್ಕು ಹದಿನೈದು ವರ್ಷದ ಹುಡುಗರಿಗೆ ಅದೇ ಸ್ವರ್ಗ. ಎಂಎಸ್‌ಸಿ ಇಟಲಿ ಮೂಲದ ಕುಟುಂಬದ್ದು, ಪಿಜ್ಜಾ ಪಾಸ್ತಾ ಚೆನ್ನಾಗಿರತ್ತೆ, ಆದ್ರೆ ಸಾರು ಅನ್ನ ಇಲ್ದೆ ಇರಕ್ಕಾಗದೇ ಇರೋರ್ನ ಅಲ್ಲಿಗೆ ಕರ್ಕೊಂಡು ಹೋಗೋಕೆ ನನಗೆ ಧೈರ್ಯ ಬರಲ್ಲ.

ಇನ್ನೊಂದು, ಕಂಪನಿ ಹೆಸರಿಗಿಂತ ಹಡಗಿನ ಹೆಸರು ನೋಡಿ. ಒಂದೇ ರಾಯಲ್ ಕೆರಿಬಿಯನ್‌ನಲ್ಲಿ 2024ರಲ್ಲಿ ಬಂದ ಐಕಾನ್ ಆಫ್ ದಿ ಸೀಸ್ ಇದೆ, ತುಂಬಿದ್ರೆ 7,600 ಜನ ಹಿಡಿಯತ್ತೆ, ಅದೇ ಕಂಪನಿಲಿ 90ರ ದಶಕದ ಸಣ್ಣ ಹಡಗುಗಳೂ ಓಡ್ತಿವೆ. ನೀರಿನ ಸ್ಲೈಡು, ರೆಸ್ಟೋರೆಂಟ್ ಸಂಖ್ಯೆ, ಎಲ್ಲಾನೂ ಅಜಗಜಾಂತರ. ಅಡುಗೆಮನೆ ಸ್ವಚ್ಛತೆ ಬಗ್ಗೆ ಅನುಮಾನ ಇದ್ರೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು ಹಡಗುಗಳನ್ನ ಹೇಳದೇ ಕೇಳದೇ ಬಂದು ಪರೀಕ್ಷೆ ಮಾಡಿ 100ಕ್ಕೆ ಅಂಕ ಕೊಡ್ತಾರೆ, 85 ಅಥವಾ ಕಡಿಮೆ ಬಂದ್ರೆ ಫೇಲು, ಹಡಗಿನ ಹೆಸರು ಹಾಕಿದ್ರೆ ಯಾರು ಬೇಕಾದ್ರೂ ನೋಡ್ಬೋದು. ಬುಕ್ ಮಾಡೋಕೆ ಮುಂಚೆ ನಾನು ಅದನ್ನ ನೋಡೇ ನೋಡ್ತೀನಿ. ಹಡಗಲ್ಲಿ ಊಟಕ್ಕೆ ಮುಂಚೆ ಮಕ್ಕಳ ಕೈ ಸೋಪು ನೀರಲ್ಲೇ ತೊಳೆಸಿ, ವಾಂತಿ ಭೇದಿ ತರೋ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟು ನಾಟಲ್ಲ.

ಸರ್ವಿಸ್ ಅಂದ್ರೆ ನಗ್ತಾ ಮಾತಾಡ್ಸೋದು ಎಲ್ಲಾ ಕಡೆ ಇದೆ, ಅದರಲ್ಲಿ ವ್ಯತ್ಯಾಸ ಹುಡುಕ್ಬೇಡಿ. ವ್ಯತ್ಯಾಸ ಇರೋದು ಮಕ್ಕಳ ಕ್ಲಬ್‌ನಲ್ಲಿ, ಅಂದ್ರೆ ಮಕ್ಕಳನ್ನ ಬಿಟ್ಟು ಬರೋ ಆಟದ ಜಾಗದಲ್ಲಿ. ಡಿಸ್ನಿ, ರಾಯಲ್ ಕೆರಿಬಿಯನ್, ನಾರ್ವೇಜಿಯನ್‌ನಲ್ಲಿ ಫ್ರೀ ಕ್ಲಬ್ ಶುರುವಾಗೋದು 3 ವರ್ಷಕ್ಕೆ, ಕಾರ್ನಿವಲ್‌ನಲ್ಲಿ 2ಕ್ಕೇ. ನಮ್ಮ ಹಾಳೆಲಿದ್ದ ಎರಡೂವರೆ ವರ್ಷದ ಡೈಪರ್ ಮಗು ನೆನಪಿದ್ಯಲ್ಲ, ಅವನಿಗೆ ಕಾರ್ನಿವಲ್ ಕ್ಲಬ್ ಸಿಗತ್ತೆ, ಡಿಸ್ನಿ, ರಾಯಲ್‌ನಲ್ಲಿ ಆದ್ರೆ ಗಂಟೆಗಿಷ್ಟು ಅಂತ ಕೊಟ್ಟು ನರ್ಸರಿಲಿ ಬಿಡ್ಬೇಕು. ಡೈಪರ್ ಮಕ್ಕಳನ್ನ ದೊಡ್ಡ ಪೂಲ್‌ಗೆ ಇಳಿಸಲ್ಲ, ಸ್ವಿಮ್ ಡೈಪರ್ ಹಾಕಿದ್ರೂ ಇಲ್ಲ, ಇದು ಗೊತ್ತಿಲ್ದೆ ಎಷ್ಟೋ ಜನ ಅಲ್ಲಿ ಹೋಗಿ ಮಗು ಅಳಿಸ್ತಾರೆ. ಆರು ತಿಂಗಳೊಳಗಿನ ಕೂಸನ್ನ ಹಡಗೇ ಹತ್ತಿಸ್ಕೊಳ್ಳಲ್ಲ, ಲಾಂಗ್ ರೂಟ್ ಆದ್ರೆ ಒಂದು ವರ್ಷ ತುಂಬಿರ್ಬೇಕು. ಡಿಸ್ನಿ ಹಡಗಲ್ಲಿ ಕ್ಯಾಸಿನೊ ಇಲ್ಲ, ಬೇರೆ ಕಡೆ ಇದೆ, ಕ್ಯಾಸಿನೊ ಪಕ್ಕ ಹಾದು ಹೋಗುವಾಗ ಸಿಗರೇಟ್ ವಾಸನೆ ಬರತ್ತೆ, ಮಾವನಿಗೆ ಉಬ್ಬಸ ಇರೋದ್ರಿಂದ ನಮಗೆ ಇದೂ ಒಂದು ಲೆಕ್ಕ.

ಈಗ ದುಡ್ಡು. ವೆಬ್‌ಸೈಟ್‌ನಲ್ಲಿ ಕಾಣೋ ಫೇರ್ ಅರ್ಧ ಕತೆ ಅಷ್ಟೇ. ಟಿಪ್ಸ್ ಅಂತ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗೇ ಸೇರತ್ತೆ, ಮಕ್ಕಳಿಗೂ ಸೇರತ್ತೆ, ತೀರಾ ಚಿಕ್ಕವರಿಗೆ ಕೆಲವು ಕಂಪನಿಯವರು ಬಿಡ್ತಾರೆ. ಸುಮ್ನೆ ಲೆಕ್ಕಕ್ಕೆ ತಗೊಳ್ಳಿ, 4 ಜನ 7 ರಾತ್ರಿ, ಫೇರ್ 3,600 ಡಾಲರ್ ಅಂದ್ಕೊಳ್ಳಿ. ಟಿಪ್ಸ್ ದಿನಕ್ಕೆ 18ರ ಲೆಕ್ಕದಲ್ಲಿ 504, ಎರಡು ಫೋನಿಗೆ ವೈಫೈ ದಿನಕ್ಕೆ 20ರಂತೆ 280, ಹಡಗು ನಿಲ್ಲೋ ದ್ವೀಪದಲ್ಲಿ ವಾಟರ್ ಪಾರ್ಕ್ ತಲೆಗೆ 100 ಅಂದ್ರೆ 400. ಒಟ್ಟು 4,784. ಬರೀ ಫೇರ್ ನೋಡಿದ್ರೆ ರಾತ್ರಿಗೆ 514, ನಿಜವಾಗಿ ಬೀಳೋದು 683. ಇದೇ ಲೆಕ್ಕಾನ ಪ್ರತಿ ಹಡಗಿಗೂ ಹಾಕಿ, ರಾತ್ರಿಗೆ ಎಷ್ಟು ಅಂತ ಬಂದ ಮೇಲೆ ಪಕ್ಕಪಕ್ಕ ಇಡಿ.

ಹಿಂಗೆ ಇಟ್ಟಾಗ ಡಿಸ್ನಿ ಮತ್ತು ಬೇರೆಯವರ ಮಧ್ಯದ ಅಂತರ ಸ್ವಲ್ಪ ಕಡಿಮೆಯಾಗತ್ತೆ, ಯಾಕಂದ್ರೆ ಅವರಲ್ಲಿ ಊಟದ ಜೊತೆ ಸೋಡಾ, ರೂಂ ಸರ್ವಿಸ್ ಊಟ ಎಲ್ಲ ಫೇರ್ ಒಳಗೇ, ರಾಯಲ್ ಕೆರಿಬಿಯನ್‌ನಲ್ಲಿ ಬೆಳಗಿನ ಕಾಂಟಿನೆಂಟಲ್ ತಿಂಡಿ ಬಿಟ್ರೆ ರೂಂ ಸರ್ವಿಸ್‌ಗೆ ಪ್ರತಿ ಸಲ ಫೀ. ಆದ್ರೂ ಡಿಸ್ನಿ ದುಬಾರಿನೇ, ಅದರಲ್ಲಿ ಎರಡು ಮಾತಿಲ್ಲ. 4ರಿಂದ 9 ವರ್ಷದೊಳಗಿನ, ಮಿಕ್ಕಿ ಮೌಸ್ ನೋಡಿದ್ರೆ ಕುಣಿಯೋ ಮಕ್ಕಳಿದ್ರೆ ಒಂದು ಸಲ 3 ಅಥವಾ 4 ರಾತ್ರಿದು ಹೋಗಿ ಅಂತೀನಿ, 7 ರಾತ್ರಿ ಬೇಡ. ಎಂಎಸ್‌ಸಿ, ರಾಯಲ್‌ನವರು ಕೆಲವು ತಾರೀಕಿಗೆ ಮಕ್ಕಳಿಗೆ ಫೇರ್ ಇಲ್ಲ ಅಂತ ಬಿಡ್ತಾರೆ, ಆಗ್ಲೂ ಮಕ್ಕಳ ಪೋರ್ಟ್ ಚಾರ್ಜು, ಟ್ಯಾಕ್ಸು, ಟಿಪ್ಸು ಕೊಡ್ಲೇಬೇಕು. ಕುಡಿಯೋ ಪ್ಯಾಕೇಜ್ ತಗೋಬೇಕು ಅಂತಿದ್ರೆ ಒಂದು ನಿಯಮ ತಿಳ್ಕೊಳ್ಳಿ, ರಾಯಲ್, ಕಾರ್ನಿವಲ್‌ನಲ್ಲಿ ಒಂದು ಕ್ಯಾಬಿನ್‌ನಲ್ಲಿ ಒಬ್ರು ಆಲ್ಕೋಹಾಲ್ ಪ್ಯಾಕೇಜ್ ತಗೊಂಡ್ರೆ ಅದೇ ಕ್ಯಾಬಿನ್‌ನ 21 ದಾಟಿದ ಎಲ್ರೂ ತಗೋಬೇಕು. ಕುಡಿಯದೇ ಇರೋರು ಅದೇ ಕ್ಯಾಬಿನ್‌ನಲ್ಲಿದ್ರೆ ಅವರದ್ದೂ ಸುಮ್ನೆ ಕಟ್ಬೇಕು.

ಬಂದರು ಎಲ್ಲಿದೆ ಅನ್ನೋದೂ ಫೇರ್‌ನಷ್ಟೇ ಮುಖ್ಯ. ನಮಗೆ ಗ್ಯಾಲ್ವೆಸ್ಟನ್ ಬಂದರು ಕಾರಲ್ಲಿ ಸುಮಾರು ಐದು ಗಂಟೆ, ಆರು ಜನಕ್ಕೆ ಒರ್ಲ್ಯಾಂಡೊಗೆ ಫ್ಲೈಟ್ ಹಿಡಿದು, ಹಿಂದಿನ ರಾತ್ರಿ ಹೋಟೆಲ್ ಮಾಡಿ ಪೋರ್ಟ್ ಕೆನಾವೆರಲ್‌ಗೆ ಹೋಗೋದಕ್ಕೆ ಹೋಲಿಸಿದ್ರೆ ಭಾರಿ ಉಳಿತಾಯ. ನ್ಯೂಜೆರ್ಸಿಯವರಿಗೆ ಬೇಯೋನ್‌ನಿಂದ ರಾಯಲ್, ಬ್ರೂಕ್ಲಿನ್‌ನಿಂದ ಎಂಎಸ್‌ಸಿ ಹೊರಡತ್ತೆ. ಬುಕ್ ಮಾಡಿದ ಮೇಲೂ ಫೈನಲ್ ಪೇಮೆಂಟ್‌ವರೆಗೆ ವಾರಕ್ಕೊಂದ್ಸಲ ಬೆಲೆ ನೋಡ್ತಿರಿ, ಇಳಿದ್ರೆ ಫೋನ್ ಮಾಡಿ ಕೇಳಿ, ಇಳಿಸಿ ಕೊಡೋದು ಉಂಟು.

ವೀಸಾ ವಿಷ್ಯ ಮರೀಬೇಡಿ. ಹಡಗು ಅಮೆರಿಕ ಬಿಟ್ಟು ವಾಪಸ್ ಬರತ್ತೆ, ಅಂದ್ರೆ ಅಪ್ಪ ಅಮ್ಮನ ವಿಸಿಟರ್ ವೀಸಾ ಮಲ್ಟಿಪಲ್ ಎಂಟ್ರಿ ಆಗಿರ್ಬೇಕು, ವಾಪಸ್ ಬರೋ ದಿನಕ್ಕೆ ಚಾಲ್ತಿಲಿ ಇರ್ಬೇಕು. ಪಾಸ್‌ಪೋರ್ಟ್‌ನಲ್ಲಿರೋ ಎಚ್1ಬಿ (ಕೆಲಸದ ವೀಸಾ) ಸ್ಟ್ಯಾಂಪ್ ಅವಧಿ ಮುಗಿದಿರೋರು ಲಾಯರ್‌ನ ಕೇಳದೇ ದುಡ್ಡು ಕಟ್ಬೇಡಿ.

ತಿಂಡಿ ಕಟ್ಕೊಂಡು ಹೋಗೋದಾದ್ರೆ, ಮನೇಲಿ ಮಾಡಿದ್ದು ಬಿಡಲ್ಲ, ಸೀಲ್ ಇರೋ ಪ್ಯಾಕೆಟ್ ಸಾಮಾನ್ಯವಾಗಿ ಬಿಡ್ತಾರೆ. ರೈಸ್ ಕುಕ್ಕರ್, ಕೆಟಲ್ ಕಸ್ಕೊಂಡು ಕೊನೇ ದಿನ ವಾಪಸ್ ಕೊಡ್ತಾರೆ. ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟು, ಅವಲಕ್ಕಿ ಕಪ್‌ಗಳು, ಅಂಗಡಿ ಚಟ್ನಿಪುಡಿ, ಸಣ್ಣ ಉಪ್ಪಿನಕಾಯಿ ಪ್ಯಾಕೆಟ್ ಇಟ್ಕೊಳ್ಳಿ, ಬಿಸಿನೀರು ಬಫೆಲಿ ಸಿಗತ್ತೆ. ಅತ್ತೆ ಅನ್ನ ಮೊಸರಿಗೆ ಆ ಉಪ್ಪಿನಕಾಯಿ ಹಾಕ್ಕೊಂಡು ಸಮುದ್ರ ನೋಡ್ಕೊಂಡು ತಿಂದ ಊಟಾನೇ ಆ ಟ್ರಿಪ್‌ನಲ್ಲಿ ಅವರಿಗೆ ತುಂಬಾ ಇಷ್ಟವಾಗಿದ್ದು.

ಬೆಂಗಳೂರಿಂದ ಹೊರಡೋರಿಗೆ ಲೆಕ್ಕ ಬೇರೆ. ಮುಂಬೈಯಿಂದ ಹೋಗೋ ಕಾರ್ಡೀಲಿಯಾ ಎಂಪ್ರೆಸ್‌ನಲ್ಲಿ ವೆಜ್, ಜೈನ್ ಊಟಕ್ಕೆ ಯಾರನ್ನೂ ಬೇಡ್ಬೇಕಿಲ್ಲ, ಅದು 1990ರ ಹಡಗು, ಮೊದಲು ರಾಯಲ್ ಕೆರಿಬಿಯನ್‌ದೇ ಆಗಿತ್ತು, ದೊಡ್ಡ ಸ್ಲೈಡುಗಳ ಆಸೆ ಇಟ್ಕೋಬೇಡಿ. ಸಿಂಗಪುರದಿಂದ ಗೆಂಟಿಂಗ್ ಡ್ರೀಮ್ ಇದೆ, ಅಲ್ಲೂ ಇಂಡಿಯನ್ ವೆಜ್ ಸಲೀಸು, ಡಿಸ್ನಿಯ ಅಡ್ವೆಂಚರ್ ಹಡಗಿನ ಊರೂ ಸಿಂಗಪುರವೇ. ಮೊದಲ ಸಲ, ಹಿರಿಯರ ಜೊತೆ, ಮೂರು ರಾತ್ರಿಗೆ ಅಂದ್ರೆ ನನ್ನ ಓಟು ಗೆಂಟಿಂಗ್ ಡ್ರೀಮ್‌ಗೆ.

ಹತ್ತಿದ ದಿನ ಮಧ್ಯಾಹ್ನ ಎಲ್ರೂ ಬಫೆ ಕಡೆ ಓಡ್ತಾರೆ, ನೀವು ಒಬ್ರು ಡೈನಿಂಗ್ ರೂಂ ಬಾಗಿಲಿಗೆ ಹೋಗಿ, ಅಷ್ಟೊತ್ತಿಗೆ ಅಲ್ಲಿ ಟೇಬಲ್ ಬದಲಾವಣೆ, ಊಟದ ಕೋರಿಕೆ ಕೇಳೋಕೆ ಅಂತ ಯಾರಾದ್ರೂ ಕೂತಿರ್ತಾರೆ, ಸ್ಪೆಷಲ್ ನೀಡ್ಸ್‌ನವರಿಂದ ಬಂದ ಉತ್ತರದ ಪ್ರಿಂಟ್ ತೋರಿಸಿ ನಿಮ್ಮ ಹೆಡ್ ವೇಟರ್ ಯಾರು ಅಂತ ಹೆಸರು ಕೇಳ್ಕೊಂಡು ಬನ್ನಿ. ಕೊನೇ ರಾತ್ರಿ, ತಾನಾಗೇ ಕಟ್ ಆಗೋ ಟಿಪ್ಸ್ ಅಲ್ದೆ, ಅಮ್ಮನಿಗೆ ದಿನಾ ಬೇಳೆ ಅನ್ನ ಮಾಡಿಸಿ ತಂದ ಆ ಮನುಷ್ಯನಿಗೆ ಒಂದು ಕವರ್‌ನಲ್ಲಿ ಕೈಲಾದಷ್ಟು ಕೊಡಿ, ಕೈಗೇ ಕೊಡಿ, ಮನೆಗೆ ಬಂದ ಮೇಲೆ ಕಂಪನಿಯಿಂದ ಬರೋ ಸರ್ವೆಲಿ ಅವರ ಹೆಸರನ್ನ ಸ್ಪೆಲಿಂಗ್ ಸರಿಯಾಗಿ ನೋಡ್ಕೊಂಡು ಬರೀರಿ. ಮನೆ ಮಠ ಬಿಟ್ಟು ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರೋರು ಅವರು.