ಅರಗಿನ ಮೇಲೆ ಅಚ್ಚು ಸರಿಯಾಗಿ ಬೀಳಬೇಕೆ? ಬೆಳ್ಳಿಯ ಮುದ್ರೆಯುಂಗುರ ಮಾಡಿಸುವ ಬಗೆ

ದೀಕ್ಷಾಸ್ನಾನದ ಅಥವಾ ಮದುವೆಯ ನೆನಪಿಗೆ ಶಿಲುಬೆಯ ಗುರುತಿರುವ, ಕರಗಿದ ಅರಗಿನ ಮೇಲೆ ಒತ್ತಿ ಮುದ್ರೆ ಹಾಕುವ ದಪ್ಪ ಬೆಳ್ಳಿಯುಂಗುರ ಬೇಕೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಕಣ್ಣಿಗೆ ನೇರವಾಗಿ ಕಾಣುವಂತೆ ಕೊರೆದ ಚಿತ್ರವು ಅರಗಿನ ಮೇಲೆ ಒತ್ತಿದಾಗ ಎಡಬಲ ಅದಲುಬದಲಾಗಿ ಬೀಳುತ್ತದೆ. ಐಗುಪ್ತದ ಅರಸ ಫರೋಹನು ತನ್ನ ಬೆರಳಿನ ಮುದ್ರೆಯುಂಗುರವನ್ನು ತೆಗೆದು ಯೋಸೇಫನ ಕೈಗೆ ಇಟ್ಟನೆಂದು ಬೈಬಲಿನ ಆದಿಕಾಂಡದ 41ನೆಯ ಅಧ್ಯಾಯದಲ್ಲಿದೆ. ಆ ಉಂಗುರದ ಬೆಲೆ ಇದ್ದದ್ದು ಅದು ಒತ್ತುವ ಅಚ್ಚಿನಲ್ಲಿ. ಆದ್ದರಿಂದ ಹೊಸದಾಗಿ ಮಾಡಿಸುವವರು ಉಂಗುರದ ಅಂದಕ್ಕಿಂತ ಮೊದಲು ಅಚ್ಚಿನ ಬಗ್ಗೆ ಯೋಚಿಸುವುದು ಒಳ್ಳೆಯದು.

ಮೊದಲ ಕೆಲಸ ಗುರುತಿನ ಆಯ್ಕೆ. ಸುಮಾರು 1,800 ವರ್ಷಗಳ ಹಿಂದೆ ಕ್ರೈಸ್ತ ಗುರುವಾದ ಅಲೆಕ್ಸಾಂಡ್ರಿಯದ ಕ್ಲೆಮೆಂಟನು, ಕ್ರೈಸ್ತರ ಮುದ್ರೆಗಳಿಗೆ ಪಾರಿವಾಳ, ಮೀನು, ಹಾಯಿ ಬಿಚ್ಚಿದ ಹಡಗು, ತಂತಿವಾದ್ಯ ಮತ್ತು ಲಂಗರು ತಕ್ಕವೆಂದೂ, ವಿಗ್ರಹದ ಮುಖ, ಕತ್ತಿ, ಬಿಲ್ಲು, ಪಾನಪಾತ್ರೆಗಳು ಸಲ್ಲವೆಂದೂ ಬರೆದಿದ್ದಾನೆ. ಈ ಪಟ್ಟಿಯೇ ಇಂದಿಗೂ ಒಳ್ಳೆಯ ಆರಂಭ. ಮೀನಿಗೆ ಗ್ರೀಕಿನಲ್ಲಿರುವ ಪದದ ಐದು ಅಕ್ಷರಗಳು ‘ಯೇಸು ಕ್ರಿಸ್ತ, ದೇವಪುತ್ರ, ರಕ್ಷಕ’ ಎಂಬ ಮಾತುಗಳ ಮೊದಲಕ್ಷರಗಳಾಗುತ್ತವೆ. ಲಂಗರು ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ನಿರೀಕ್ಷೆಗೆ ಕೊಟ್ಟ ಹೋಲಿಕೆ. ಖೈ (X) ಮತ್ತು ರೋ (P) ಎಂಬ ಗ್ರೀಕ್ ಅಕ್ಷರಗಳನ್ನು ಒಂದರ ಮೇಲೊಂದು ಬರೆದ ಕ್ರಿಸ್ತನ ಸಂಕೇತವೂ ಚೆನ್ನಾಗಿ ಒಪ್ಪುತ್ತದೆ. ಧರ್ಮಸುಧಾರಕ ಮಾರ್ಟಿನ್ ಲೂಥರನ ಮುದ್ರೆಯಾದ ಗುಲಾಬಿಯನ್ನು ಮಾತ್ರ ನಾನು ಸೂಚಿಸುವುದಿಲ್ಲ. ಕಪ್ಪು ಶಿಲುಬೆ, ಕೆಂಪು ಹೃದಯ, ಬಿಳಿ ಹೂವು, ನೀಲಿ ಹಿನ್ನೆಲೆ ಎಂದು ಅದರ ಅರ್ಥವೆಲ್ಲ ಬಣ್ಣಗಳಲ್ಲಿದೆ, ಬೆಳ್ಳಿಯಲ್ಲಿ ಆ ಬಣ್ಣಗಳು ಬರುವುದಿಲ್ಲ. ಉಂಗುರದ ಮುಖ 14 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲವಿದ್ದರೆ ಅದರಲ್ಲಿ ಒಂದೇ ಗುರುತು ನೆಮ್ಮದಿಯಾಗಿ ಕೂರುತ್ತದೆ. ಎರಡನೆಯದನ್ನು ಸೇರಿಸಿದರೆ ಗೆರೆಗಳು ಒಂದಕ್ಕೊಂದು ತಾಗಿ ಅಚ್ಚು ಕಲಸಿಹೋಗುತ್ತದೆ.

ಆಯ್ದ ಗುರುತನ್ನು ಬೆಣ್ಣೆ ಕಾಗದದ ಮೇಲೆ, ಅರಗಿನಲ್ಲಿ ಹೇಗೆ ಕಾಣಬೇಕೋ ಹಾಗೆ, ನಿಜವಾದ ಅಳತೆಯಲ್ಲಿ ಬರೆಯಿರಿ. ನಂತರ ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಕಾಣುವ ಚಿತ್ರದ ಮೇಲೆ ‘ಬೆಳ್ಳಿಯಲ್ಲಿ ಹೀಗೆ ಕೊರೆಯಬೇಕು’ ಎಂದು ಗುರುತು ಹಾಕಿ ಕೊಡಿ. ಬರಿಯ ಶಿಲುಬೆಗೆ ಇದರ ಅಗತ್ಯವಿಲ್ಲ, ಮಗುಚಿದರೂ ಅದು ಶಿಲುಬೆಯೇ. ಆದರೆ ರೋ ಅಕ್ಷರದ ಕುಣಿಕೆ ಅಚ್ಚಿನಲ್ಲಿ ಬಲಕ್ಕಿರಬೇಕಾದರೆ ಉಂಗುರದಲ್ಲಿ ಎಡಕ್ಕಿರಬೇಕು. ಆದಿ ಮತ್ತು ಅಂತ್ಯವನ್ನು ಸೂಚಿಸುವ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫ, ಒಮೆಗಗಳನ್ನು ಹಾಕಿಸುವುದಾದರೆ ಅವು ಜಾಗ ಬದಲಿಸಿಕೊಳ್ಳಬೇಕು. ನಮ್ಮ ಮನೆಗೆ ಮೊದಲು ಮಾಡಿಸಿದ ಉಂಗುರದಲ್ಲಿ ಈ ಮಾತನ್ನು ಹೇಳದೆ ಬಿಟ್ಟಿದ್ದರಿಂದ ಅಚ್ಚಿನಲ್ಲಿ ಅಂತ್ಯ ಮೊದಲು ಬಂದು ಆದಿ ಕೊನೆಗೆ ಹೋಯಿತು, ಕೊರೆದ ಬೆಳ್ಳಿಯನ್ನು ಮತ್ತೆ ಕರಗಿಸಬೇಕಾಯಿತು.

ಬೆಳ್ಳಿಯ ವಿಷಯ. ಅಪ್ಪಟ ಬೆಳ್ಳಿ ಮೆದುವಾದ್ದರಿಂದ ಗೆರೆಗಳ ಅಂಚು ಬೇಗ ಸವೆಯುತ್ತದೆ, ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ತಾಮ್ರವಿರುವ 925 ದರ್ಜೆಯೇ ಈ ಕೆಲಸಕ್ಕೆ ಸರಿ. ಅಜ್ಜಿಯ ಕಾಲ್ಗಡಗವನ್ನೋ ಗೆಜ್ಜೆಯನ್ನೋ ಕರಗಿಸಿ ಮಾಡಿಸುವ ಆಸೆ ಸಹಜವಾದದ್ದು, ಗೌರವಿಸಬೇಕಾದದ್ದು. ಆದರೆ ಗೆಜ್ಜೆಯಲ್ಲಿ ಬೆಸುಗೆ ಬಹಳವಿರುತ್ತದೆ, ಕರಗಿದಾಗ ಅದೂ ಸೇರಿ ಬೆಳ್ಳಿಯ ದರ್ಜೆ ಇಳಿಯುತ್ತದೆ. ಅದನ್ನು ಮೊದಲು ಶುದ್ಧಿ ಮಾಡಿಸಿ, ಆಮೇಲೆ ಅಳತೆಯ ತಾಮ್ರ ಬೆರೆಸುವಂತೆ ಅಕ್ಕಸಾಲಿಗರಲ್ಲಿ ಕೇಳಿಕೊಳ್ಳಿ.

ಬೆರಳಿನ ಅಳತೆಯನ್ನು ಸಂಜೆ ಕೊಡಿ. ಆಗುಂಬೆ, ತೀರ್ಥಹಳ್ಳಿಯ ಕಡೆಯ ಮಳೆಗಾಲದ ಚಳಿ ಬೆಳಗಿನಲ್ಲಿ ಬೆರಳು ಸಣ್ಣಗಾಗಿರುತ್ತದೆ. ಅಗಲ ಪಟ್ಟಿಯ ಉಂಗುರ ಹೆಚ್ಚು ಬಿಗಿಯುವುದರಿಂದ ಅಳತೆ ಸ್ವಲ್ಪ ಸಡಿಲವೇ ಇರಲಿ.

ಮೂಸೆಯಲ್ಲಿ ಬಿಳಿಗಾರ (ಬೋರಾಕ್ಸ್) ಹಾಕಿ ಕರಗಿಸಿ ಎರೆದ ಗಟ್ಟಿಯನ್ನು ಬಡಿದು, ಬಡಿತಕ್ಕೆ ಅದು ಬಿರುಸಾದಾಗಲೆಲ್ಲ ಕಾಯಿಸಿ ಮೆದುಮಾಡಿ, ಮತ್ತೆ ಬಡಿದು ಮಾಡಿದ ಉಂಗುರ ಬಲವಾಗಿರುತ್ತದೆ. ಎರಕದ ಉಂಗುರದಲ್ಲಿ ಕೆಲವೊಮ್ಮೆ ಸೂಜಿಮೊನೆಯಂತಹ ರಂಧ್ರಗಳು ಉಳಿದು, ಕೊರೆಯುವಾಗ ಬಾಯಿ ಬಿಡುತ್ತವೆ. ಮುಖದ ಭಾಗ ಪೊಳ್ಳಾಗಿರಬಾರದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಣ್ಣ ತೂಕದ ಯಂತ್ರದ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಉಂಗುರವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. 925 ಬೆಳ್ಳಿಯ 20 ಗ್ರಾಂ ತೂಕದ ಉಂಗುರವಾದರೆ ಯಂತ್ರ ಸುಮಾರು 1.9 ಗ್ರಾಂ ತೋರಿಸಬೇಕು. ಅದಕ್ಕಿಂತ ಸಾಕಷ್ಟು ಹೆಚ್ಚು ತೋರಿಸಿದರೆ ಒಳಗೆ ಪೊಳ್ಳಿದೆ, ಇಲ್ಲವೇ ಹಗುರ ಲೋಹ ಬೆರೆತಿದೆ.

ಕೊರೆಯುವಾಗ ಸಾಧ್ಯವಾದರೆ ಹತ್ತಿರವೇ ಕುಳಿತಿರಿ. ಅರ್ಧ ಮಿಲಿಮೀಟರಿನಷ್ಟು ಆಳ, ಇಳಿಜಾರಾದ ಗೋಡೆಗಳು ಇರಬೇಕು. ನೆಟ್ಟಗೆ ಇಳಿದ ಗೋಡೆಯಲ್ಲಿ ಅರಗು ಸಿಕ್ಕಿಕೊಂಡು ಮುರಿಯುತ್ತದೆ. ಅರ್ಧ ಕೆಲಸವಾದಾಗಲೇ ನಾದಿದ ಹಿಟ್ಟಿನ ಮೇಲೆ ಒತ್ತಿ ನೋಡಿದರೆ ತಪ್ಪು ತಿದ್ದಲು ಇನ್ನೂ ಅವಕಾಶವಿರುತ್ತದೆ.

ಅರಗಿನ ಮೇಲೆ ಒತ್ತುವ ಮೊದಲು ಉಂಗುರವನ್ನು ತಣ್ಣೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ಕರಗಿದ ಅರಗನ್ನು ಕಾಗದದ ಮೇಲೆ ಬಿಟ್ಟು, ಹೊಳಪು ತುಸು ಮಂಕಾಗುವವರೆಗೆ ಕಾದು, ನೇರವಾಗಿ ಒತ್ತಿ, ಅರಗು ಗಟ್ಟಿಯಾದ ಮೇಲೆ ನೇರವಾಗಿಯೇ ಎತ್ತಿರಿ.

ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ, ಮಲೆನಾಡಿನ ತೇವ ಅದನ್ನು ಬೇಗ ಮಾಡಿಸುತ್ತದೆ. ಸಾಬೂನು ನೀರು ಅಥವಾ ಅಂಟುವಾಳದ ನೀರಿನಲ್ಲಿ ಮೆದು ಬ್ರಷ್ಷಿನಿಂದ ತೊಳೆದರೆ ಸಾಕು. ವಿಭೂತಿ, ಹಲ್ಲುಜ್ಜುವ ಪೇಸ್ಟುಗಳಿಂದ ಉಜ್ಜಿದರೆ ಗೆರೆಯ ಅಂಚು ಹೋಗುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡಿಗೆ ಸೋಡಾದ ಬಿಸಿನೀರು, ಚಿತ್ರ ಎದ್ದು ಕಾಣಿಸುವ ಗೆರೆಯೊಳಗಿನ ಕಪ್ಪನ್ನೂ ತೆಗೆದುಬಿಡುತ್ತದೆ. ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವ ದಿನಗಳಲ್ಲಿ ಉಂಗುರವನ್ನು ಬಿಚ್ಚಿಡಿ, ಗೆರೆಯೊಳಗೆ ಒಣಗಿದ ಸುಣ್ಣವನ್ನು ಬಿಡಿಸುವುದು ಕಷ್ಟ. ಬಿಚ್ಚಿಟ್ಟ ಉಂಗುರವನ್ನು ಒಂದು ತುಂಡು ಸೀಮೆಸುಣ್ಣದ ಜೊತೆ ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನಲ್ಲೂ ಗಂಧಕವಿದೆ.