ರಂಗನತಿಟ್ಟಿನಲ್ಲಿ ಗೂಡು ಎಣಿಸುವುದು: ನನ್ನ ಅನುಭವ

ಹಾರಾಡುವ ಹಕ್ಕಿ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ, ಎಲೆ ಮರೆಯ ಗೂಡು ಒಂದು ಸಲವೂ ಬರುವುದಿಲ್ಲ. ಹಾಗಾಗಿ ಪ್ರತಿ ಜನವರಿಯ ಏಷ್ಯನ್ ಜಲಪಕ್ಷಿ ಗಣತಿಯಲ್ಲಿ ಕೈ ಪಳಗಿದವರೂ ಗೂಡಿನ ಎಣಿಕೆಯಲ್ಲಿ ಎಡವುತ್ತಾರೆ.

ಅರಣ್ಯ ಇಲಾಖೆಯ ಅನುಮತಿ ಮೊದಲು. ಅದು ಕೈಯಲ್ಲಿದ್ದರೂ ತಿಟ್ಟಿನ, ಅಂದರೆ ಹೊಳೆ ನಡುವಿನ ನಡುಗಡ್ಡೆಯ, ಮೇಲೆ ಕಾಲಿಡಬಾರದು. ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆ ಕಾಣುತ್ತದೆ, ನೀರಲ್ಲಿರುವುದು ಕಾಣುವುದಿಲ್ಲ. ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. 10 ಪಟ್ಟಿನದು ದೋಣಿಯಲ್ಲಿ ನಡುಗುತ್ತದೆ. ಬರೆಯಲು ಪೆನ್ಸಿಲ್ಲೇ ಸರಿ, ಜೆಲ್ ಪೆನ್ನಿನ ಶಾಯಿ ಒಂದು ಹನಿಗೆ ಹರಡುತ್ತದೆ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು.

ನಾನು ಮಾಡುವುದು ಹೀಗೆ. ದೋಣಿ ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತು ಮಾಡಿ, ಅಲ್ಲಿಂದ ಒಂದೊಂದು ಮರದ ಫೋಟೋ ತೆಗೆದು ಪ್ರಿಂಟ್ ಹಾಕಿಸುತ್ತೇನೆ. ಪ್ರಿಂಟಿನ ಮೇಲೆಯೇ ಗೂಡಿಗೆ ನಂಬರು. ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಪ್ರಿಂಟು. ಪ್ರತಿ ನಂಬರಿನ ಮುಂದೆ ನಾಲ್ಕರಲ್ಲಿ ಒಂದು: ಹಕ್ಕಿ ಕಾವಿಗೆ ಕೂತಿದೆ, ಮರಿ ಇದೆ, ಹಕ್ಕಿ ಬರೀ ನಿಂತಿದೆ, ಖಾಲಿ. ಹೊಸಬರು ಹಳೇ ಕಡ್ಡಿರಾಶಿಯನ್ನೂ ಗೂಡೆಂದು ಕೂಡಿಸಿಬಿಡುತ್ತಾರೆ. ಮೊತ್ತ ಉಬ್ಬುವುದು ಅಲ್ಲೇ. ಒಂದೇ ಭೇಟಿಯ ಎಣಿಕೆಯನ್ನೂ ನಾನು ನಂಬುವುದಿಲ್ಲ. ಒಂದು ಗೂಡಲ್ಲಿ ಮೊಟ್ಟೆ ಇರುವಾಗ ಪಕ್ಕದ್ದರಲ್ಲಿ ಮರಿ ರೆಕ್ಕೆ ಬಡಿಯುತ್ತಿರುತ್ತದೆ.

ಬೆಳೆದ ಮರಿಗಳು ದೊಡ್ಡವುಗಳ ಜೊತೆ ಬೆರೆತು ಗೊಂದಲ ಮಾಡುತ್ತವೆ. ಬಾಯ್ಕಳಕ ಎಂಬ ಕೊಕ್ಕರೆಯಲ್ಲಿ (ಓಪನ್‌ಬಿಲ್) ಕೊಕ್ಕು ನೋಡಿ: ದೊಡ್ಡದರ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿದು ಆಚೆಯ ಬೆಳಕು ಕಾಣುತ್ತದೆ, ಮರಿಯದರಲ್ಲಿ ಸಂದೇ ಇರುವುದಿಲ್ಲ. ಬಣ್ಣದ ಕೊಕ್ಕರೆಯ ಮರಿಗೆ ಬಾಲದ ಹತ್ತಿರದ ಗುಲಾಬಿ ಬಣ್ಣ ಬಂದಿರುವುದಿಲ್ಲ, ಮೈ ಮಾಸಲು ಕಂದು.

ಒಂದು ಮರದೆದುರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ದೋಣಿ ತೀರಾ ಹತ್ತಿರವಾಗಿ ತಾಯಿ ಎದ್ದರೆ ಕಾಗೆ ಮೊಟ್ಟೆಗೆ ಇಳಿಯುತ್ತದೆ. ನಡುಮಧ್ಯಾಹ್ನವಂತೂ ಬೇಡವೇ ಬೇಡ, ಆಗ ತಾಯಿ ರೆಕ್ಕೆ ಅಗಲಿಸಿ ಮರಿಗೆ ನೆರಳು ಹಿಡಿದಿರುತ್ತದೆ.

ನದಿ ರೀವ (ರಿವರ್ ಟರ್ನ್) ಎಂಬ ನೀರುಹಕ್ಕಿಗಳ ವಿಷಯ ಬೇರೆ. ಅವು ಬೇಸಿಗೆಯಲ್ಲಿ ಬರಿಯ ಬಂಡೆ, ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಕಲ್ಲಿಗೂ ಮೊಟ್ಟೆಗೂ ಒಂದೇ ಬಣ್ಣ. ಮೊಟ್ಟೆ ಹುಡುಕಬೇಡಿ, ಕೂತ ಹಕ್ಕಿ ಎಣಿಸಿ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಮೊದಲು ಮುಳುಗುವುದು ಇವುಗಳ ಗೂಡು, ಆದ್ದರಿಂದ ಅಂದಿನ ನೀರಿನ ಮಟ್ಟವನ್ನೂ ಬರೆದಿಡುತ್ತೇನೆ.

ಹೊಳೆ ತುಂಬಿ ದೋಣಿ ಹೊರಡದ ವಾರ ಪಟ್ಟಿಯಲ್ಲಿ ಸೊನ್ನೆ ಹಾಕಬೇಡಿ. ‘ಎಣಿಸಿಲ್ಲ’ ಎಂದು ಬರೆಯಿರಿ.