ಹೊಟ್ಟೆಯ ಮೇಲೆ ಬೆರಳಿಟ್ಟು ದೊಡ್ಡ ಕರುಳಿನ ದಾರಿ ಗುರುತಿಸುವುದು ಹೇಗೆ?

ದೊಡ್ಡ ಕರುಳು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಹೊಕ್ಕುಳಿನ ಸುತ್ತ ಕೈ ಆಡಿಸುತ್ತಾರೆ. ಅಲ್ಲಿರುವುದು ಬಹುಪಾಲು ಸಣ್ಣ ಕರುಳು. ದೊಡ್ಡ ಕರುಳು ಅದನ್ನು ಬಳಸಿಕೊಂಡು ಹೊಟ್ಟೆಯ ಅಂಚಿನಲ್ಲೇ ಸಾಗುತ್ತದೆ. ಬಲಗಡೆ ಕೆಳಗಿನಿಂದ ಹೊರಟು ಮೇಲೆ ಹತ್ತುತ್ತದೆ, ಅಡ್ಡ ದಾಟುತ್ತದೆ, ಎಡಗಡೆ ಇಳಿಯುತ್ತದೆ. ಉದ್ದ ಸುಮಾರು ಒಂದೂವರೆ ಮೀಟರ್.

ಈ ದಾರಿಯನ್ನು ಒಮ್ಮೆ ಕೈಯಾರೆ ಗುರುತಿಸಿಕೊಂಡರೆ ಸ್ಕ್ಯಾನ್ ರಿಪೋರ್ಟಿನ ಅರ್ಧ ಭಾಗ ತಾನಾಗಿ ಅರ್ಥವಾಗುತ್ತದೆ. ‘ಎಲ್ಲಿ ನೋವು?’ ಎಂದು ಡಾಕ್ಟರ್ ಕೇಳಿದಾಗ ಸರಿಯಾದ ಉತ್ತರ ಕೊಡಬಹುದು. ಎಲ್ಲ ಹೊಟ್ಟೆನೋವಿಗೂ ‘ಗ್ಯಾಸ್ ಇರ್ಬೇಕು’ ಅನ್ನುವ ನಮ್ಮ ಅಭ್ಯಾಸವೂ ಸ್ವಲ್ಪ ಕಡಿಮೆಯಾದೀತು.

ಮೂತ್ರ ಮಾಡಿ ಬಂದು ಅಂಗಾತ ಮಲಗಿ. ಮೊಣಕಾಲು ಮಡಚಿ, ಸೊಂಟದ ಬಟ್ಟೆ ಸಡಿಲ ಮಾಡಿ. ಬೆರಳನ್ನು ಚುಚ್ಚಬೇಡಿ, ಸುಮ್ನೆ ಮೇಲೆ ಆಡಿಸಿದರೆ ಸಾಕು. ಈಗಾಗಲೇ ಜೋರು ಹೊಟ್ಟೆನೋವು ಇದ್ದರೆ ಈ ಪ್ರಯೋಗ ಬೇಡ, ಆಸ್ಪತ್ರೆಗೆ ಹೋಗಿ.

ಹೆಜ್ಜೆ 1: ಬಲಗಡೆ, ಕೆಳಗೆ

ಬಲಸೊಂಟದ ಮುಂಭಾಗದಲ್ಲಿ ಮೂಳೆಯ ಗುಬುಟು ಕೈಗೆ ಸಿಗುತ್ತದೆ. ಅಲ್ಲಿಂದ ಹೊಕ್ಕುಳಿಗೆ ನೇರ ಗೆರೆ ಎಳೆದಂತೆ ಅಂದುಕೊಳ್ಳಿ. ಗೆರೆಯನ್ನು ಮೂರು ಪಾಲು ಮಾಡಿ, ಮೂಳೆಯಿಂದ ಒಂದು ಪಾಲು ದಾಟಿದ ಜಾಗಕ್ಕೆ ಬೆರಳಿಡಿ. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ ಜಾಗ ಇದು. ಇಂದಿಗೂ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಅಪೆಂಡಿಕ್ಸಿನ ಬುಡ ಇರುವುದು ಹೆಚ್ಚುಕಡಿಮೆ ಇದರ ಕೆಳಗೆ.

ಬೆರಳಿನ ಸುತ್ತಮುತ್ತ ಇರುವ ಅಗಲವಾದ ಚೀಲವೇ ಸೀಕಮ್, ದೊಡ್ಡ ಕರುಳಿನ ಮೊದಲ ಭಾಗ. ಇಡೀ ದಾರಿಯಲ್ಲಿ ಅತಿ ಅಗಲದ ಜಾಗವೂ ಇದೇ. ಸಣ್ಣ ಕರುಳು ಇಲ್ಲಿಗೆ ಪಕ್ಕದಿಂದ ಬಂದು ಸೇರುತ್ತದೆ. ಸೇರುವಲ್ಲಿ ಒಂದು ಕವಾಟವಿದೆ. ಒಳಬಂದದ್ದು ಸುಲಭವಾಗಿ ಹಿಂದಕ್ಕೆ ಹೋಗದಂತೆ ಅದು ತಡೆಯುತ್ತದೆ.

ಅಪೆಂಡಿಕ್ಸಿನ ಬುಡ ಸೀಕಮ್ಮಿಗೆ ಅಂಟಿಕೊಂಡಿರುತ್ತದೆ, ಆದರೆ ತುದಿಗೆ ಗೊತ್ತುಗುರಿ ಇಲ್ಲ. ಬಹಳ ಜನರಲ್ಲಿ ಅದು ಸೀಕಮ್ಮಿನ ಹಿಂದೆ ಅಡಗಿರುತ್ತದೆ, ಕೆಲವರಲ್ಲಿ ಕೆಳಗೆ ಜೋತುಬಿದ್ದಿರುತ್ತದೆ. ಅದು ಊದಿಕೊಂಡಾಗ ಬರುವ ನೋವಿನ ನಡೆಯೂ ವಿಚಿತ್ರ. ಸಾಮಾನ್ಯವಾಗಿ ಮೊದಲು ಹೊಕ್ಕುಳಿನ ಸುತ್ತ ನೋಯುತ್ತದೆ. ಅಪೆಂಡಿಕ್ಸಿನ ನರಗಳೂ ಹೊಕ್ಕುಳಿನ ಚರ್ಮದ ನರಗಳೂ ಬೆನ್ನುಹುರಿಯನ್ನು ಒಂದೇ ಮಟ್ಟದಲ್ಲಿ ಸೇರುವುದರಿಂದ ಮೆದುಳಿಗೆ ಜಾಗ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದು ಉರಿಯೂತ ಹೊಟ್ಟೆಯ ಒಳಪದರಕ್ಕೆ ತಾಗಿದಾಗ ನೋವು ಬಲಗಡೆ ಕೆಳಕ್ಕೆ ಜಾರುತ್ತದೆ. ಹೀಗೆ ಜಾಗ ಬದಲಿಸಿದ ನೋವನ್ನು ಕಡೆಗಣಿಸಬೇಡಿ. ಮುಖ್ಯವಾಗಿ, ಹೊಟ್ಟೆ ಕ್ಲೀನ್ ಆಗಲಿ ಎಂದು ಭೇದಿ ಔಷಧ ಕೊಡಬೇಡಿ.

ಹೆಜ್ಜೆ 2: ಮೇಲಕ್ಕೆ

ಬೆರಳನ್ನು ನೇರವಾಗಿ ಬಲ ಪಕ್ಕೆಲುಬಿನ ಅಂಚಿನವರೆಗೆ ಒಯ್ಯಿರಿ. ಇದು ಅಸೆಂಡಿಂಗ್ ಕೋಲನ್, ಅಂದರೆ ದೊಡ್ಡ ಕರುಳಿನ ಮೇಲೆ ಹತ್ತುವ ಭಾಗ, ಸುಮಾರು ಒಂದು ಗೇಣು. ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿರುವುದರಿಂದ ಇದು ಅಲ್ಲಾಡುವುದಿಲ್ಲ. ಮೇಲೆ ಲಿವರ್ ತಡೆದಾಗ ಎಡಕ್ಕೆ ತಿರುಗುತ್ತದೆ. ರಿಪೋರ್ಟಿನಲ್ಲಿ ‘ಹೆಪಾಟಿಕ್ ಫ್ಲೆಕ್ಷರ್’ ಎಂದು ಬರೆಯುವುದು ಈ ತಿರುವನ್ನೇ.

ಇಲ್ಲಿ ಒಂದು ಕ್ಷಣ ಬೆರಳು ನಿಲ್ಲಿಸಿ. ಚಿತ್ರಗಳಲ್ಲಿ ದೊಡ್ಡ ಕರುಳು ಉಬ್ಬು ಉಬ್ಬಾಗಿ ಕಾಣುತ್ತದೆ ಅಲ್ವಾ? ಅದರ ಹೊರಮೈಯಲ್ಲಿ ಉದ್ದಕ್ಕೂ ಮೂರು ಸ್ನಾಯುಪಟ್ಟಿಗಳಿವೆ. ಪಟ್ಟಿಗಳ ಉದ್ದ ಕರುಳಿನ ಉದ್ದಕ್ಕಿಂತ ಕಡಿಮೆ. ಲಾಡಿ ಎಳೆದಾಗ ಲಂಗ ನೆರಿಗೆ ನೆರಿಗೆಯಾಗುವ ಹಾಗೆ ಕರುಳೂ ಮುದುರಿ ಉಬ್ಬುಗಳಾಗುತ್ತವೆ. ಆ ಉಬ್ಬುಗಳಲ್ಲಿ ಒಳಗಿನದ್ದು ನಿಂತು ನಿಂತು, ಹಿಂದೆ ಮುಂದೆ ಹೊರಳಿ ಸಾಗುತ್ತದೆ. ಅಷ್ಟು ಹೊತ್ತಿಗೆ ನೀರು ಹೀರಿಕೊಳ್ಳುವ ಕೆಲಸ ನಡೆಯುತ್ತದೆ. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಬಂದರೆ, ಮಲದ ಜೊತೆ ಹೊರಗೆ ಹೋಗುವ ನೀರು ಬರೀ 100ರಿಂದ 200 ಮಿಲಿ. ಮೂರು ಪಟ್ಟಿಗಳೂ ಒಂದುಗೂಡುವುದು ಅಪೆಂಡಿಕ್ಸಿನ ಬುಡದಲ್ಲಿ. ಆಪರೇಷನ್ ಮಾಡುವಾಗ ಅಪೆಂಡಿಕ್ಸ್ ಕಾಣದಿದ್ದರೆ ಸರ್ಜನ್‌ಗಳು ಈ ಪಟ್ಟಿ ಹಿಡಿದೇ ಅದನ್ನು ಪತ್ತೆ ಮಾಡುತ್ತಾರೆ.

ಹೆಜ್ಜೆ 3: ಅಡ್ಡಕ್ಕೆ

ಬಲ ಪಕ್ಕೆಯಿಂದ ಎಡ ಪಕ್ಕೆಗೆ ಬೆರಳನ್ನು ಸ್ವಲ್ಪ ಕೆಳಗೆ ಬಾಗಿಸಿ ಎಳೆಯಿರಿ. ಟ್ರಾನ್ಸ್‌ವರ್ಸ್ ಕೋಲನ್ ಜೋತಾಡುವ ಭಾಗ. ಎದ್ದು ನಿಂತರೆ ಕೆಳಗೆ ಇಳಿಯುತ್ತದೆ, ಮಲಗಿದರೆ ಮೇಲೆ ಬರುತ್ತದೆ. ಕೆಲವರಲ್ಲಿ ಹೊಕ್ಕುಳನ್ನೂ ದಾಟಿ ಕಿಬ್ಬೊಟ್ಟೆ ಮುಟ್ಟುತ್ತದೆ. ನಿಮ್ಮ ಗೆರೆ ಪುಸ್ತಕದ ಚಿತ್ರದಂತೆ ಬರದಿದ್ದರೆ ಚಿಂತೆ ಬೇಡ.

ಹೆಜ್ಜೆ 4: ಎಡಗಡೆ ಮೂಲೆ

ಈಗ ಬೆರಳು ಎಡ ಪಕ್ಕೆಲುಬುಗಳ ಒಳಗೆ ಹೋಗಬೇಕು, ಆದರೆ ಹೋಗುವುದಿಲ್ಲ. ಗುಲ್ಮದ ಪಕ್ಕದ ಈ ತಿರುವು, ಅಂದರೆ ಸ್ಪ್ಲೀನಿಕ್ ಫ್ಲೆಕ್ಷರ್, ಬಲಗಡೆಯದಕ್ಕಿಂತ ಮೇಲಿದೆ, ಮಡಿಕೆಯೂ ಚೂಪು. ಇಡೀ ದಾರಿಯಲ್ಲಿ ತೊಂದರೆಯ ಮೂಲೆ ಯಾವುದು ಅಂದರೆ ನಾನು ಇದನ್ನೇ ತೋರಿಸುವೆ.

ಅವರೆಕಾಳಿನ ಕಾಲದಲ್ಲಿ ಸಾರು, ಉಪ್ಪಿಟ್ಟು, ಹಿತಕಿದ ಬೇಳೆ ಎಂದು ಮೂರು ಹೊತ್ತೂ ಅದೇ ತಿಂದರೆ ಏನಾಗುತ್ತದೆ ಗೊತ್ತಲ್ಲ? ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಬಂದು ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ, ಗ್ಯಾಸ್ ಹುಟ್ಟುತ್ತದೆ. ಗ್ಯಾಸ್ ಈ ಮೂಲೆಯಲ್ಲಿ ಸಿಕ್ಕಿಕೊಂಡರೆ ಎಡ ಎದೆಯ ಕೆಳಗೆ ಹಿಡಿದುಕೊಳ್ಳುತ್ತದೆ, ಹೃದಯದ ನೋವೇನೋ ಎಂದು ಹೆದರಿಸುತ್ತದೆ. ಇದರ ತಿರುಗುಮುರುಗೇ ಅಪಾಯ: ಹೃದಯದ ನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರುವುದು. ಎರಡನ್ನೂ ಮನೆಯಲ್ಲೇ ಬೇರ್ಪಡಿಸಲು ಹೋಗಬೇಡಿ. ಇಸಿಜಿ ಮಾಡಿಸಿ.

ರಕ್ತದ ಲೆಕ್ಕದಲ್ಲೂ ಈ ಮೂಲೆ ಬಡಪಾಯಿ. ಇಲ್ಲಿಗೆ ಬರುವ ತನಕದ ಕರುಳಿಗೆ ಒಂದು ದೊಡ್ಡ ರಕ್ತನಾಳ, ಇಲ್ಲಿಂದಾಚೆಗೆ ಇನ್ನೊಂದು. ಎರಡರ ಗಡಿಯಲ್ಲಿ ರಕ್ತ ತೆಳುವಾಗಿ ತಲುಪುತ್ತದೆ. ವಯಸ್ಸಾದವರಲ್ಲಿ ಬಿಪಿ ತೀರಾ ಕುಸಿದಾಗ ಮೊದಲು ನರಳುವ ಜಾಗಗಳಲ್ಲಿ ಇದೂ ಒಂದು.

ಹೆಜ್ಜೆ 5: ಕೆಳಕ್ಕೆ

ಎಡ ಪಕ್ಕೆಯಿಂದ ಎಡಸೊಂಟದ ಮೂಳೆಗೆ ನೇರ ಇಳಿಯಿರಿ. ಇದು ಡಿಸೆಂಡಿಂಗ್ ಕೋಲನ್. ಅಲ್ಲಿಂದ ಬೆರಳನ್ನು ಓರೆಯಾಗಿ ಕಿಬ್ಬೊಟ್ಟೆಯ ನಡುವಿಗೆ ತಿರುಗಿಸಿದರೆ ಎಸ್ ಅಕ್ಷರದಂತೆ ಬಳುಕಿದ ಸಿಗ್ಮಾಯ್ಡ್ ಸಿಗುತ್ತದೆ. ತೆಳ್ಳಗಿನವರಿಗೆ ಮಲ ಕಟ್ಟಿದ್ದರೆ ಇಲ್ಲಿ ಗಟ್ಟಿ ಕೊಳವೆ ಕೈಗೆ ಸಿಗುವುದುಂಟು. ಗೆಡ್ಡೆ ಎಂದು ಹೆದರಬೇಡಿ. ಆದರೆ ಹೊಟ್ಟೆ ಹೋದ ಮೇಲೂ ಅದು ಹಾಗೇ ಇದ್ದರೆ ತೋರಿಸಿ.

ಬಲಗಡೆ ಅಗಲ, ಒಳಗಿರುವುದು ನೀರುನೀರು. ಎಡಗಡೆ ಕಿರಿದು, ಒಳಗಿರುವುದು ಗಟ್ಟಿ. ಕ್ಯಾನ್ಸರ್ ಬಂದರೆ ಲಕ್ಷಣ ಬೇರೆ ಬೇರೆಯಾಗುವುದು ಇದಕ್ಕೇ. ಎಡಗಡೆಯದು ದಾರಿ ಕಟ್ಟುತ್ತದೆ, ಹೊಟ್ಟೆ ಹೋಗುವ ಕ್ರಮ ತಪ್ಪುತ್ತದೆ, ಬೇಗ ಗೊತ್ತಾಗುತ್ತದೆ. ಬಲಗಡೆಯದು ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸುತ್ತಾ ಬಹುಕಾಲ ಸುಮ್ಮನಿರಬಲ್ಲದು. ಹಿರಿಯರಿಗೆ ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ ಡಾಕ್ಟರ್ ಕೊಲೊನೊಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಟ್ಯೂಬು ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಬರೆಯುತ್ತಾರೆ. ‘ಸುಸ್ತಿಗೂ ಕರುಳಿಗೂ ಏನು ಸಂಬಂಧ?’ ಎಂದು ಮನೆಯವರು ಗೊಣಗುವುದೂ ಇದೆ. ಸಂಬಂಧ ಇದೇ.

ಹೆಜ್ಜೆ 6: ಬೆರಳು ತಲುಪದ ಕೊನೆಯ ಭಾಗ

ಇಲ್ಲಿಂದ ದಾರಿ ಬೆನ್ನಿನ ಕಡೆಗೆ ಹೋಗುತ್ತದೆ. ಗುದನಾಳ ಸುಮಾರು 12ರಿಂದ 15 ಸೆಂಟಿಮೀಟರ್, ಗುದದ್ವಾರದ ಭಾಗ ಸುಮಾರು 4. ಬಾಗಿಲು ಕಾಯುವ ಸ್ನಾಯುಗಳು ಎರಡು. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಬಸ್ಸಿನಲ್ಲಿ ಮುಂದಿನ ಸ್ಟಾಪಿನ ತನಕ ತಡೆದುಕೊಳ್ಳುವುದು ಹೊರಗಿನದರ ಕೃಪೆ. ಇವೆರಡರ ಜೊತೆ ಇನ್ನೊಂದು ಸ್ನಾಯು ಕರುಳನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಹಾಗಾಗಿ ದಾರಿ ಅಲ್ಲಿ ಬಾಗಿರುತ್ತದೆ. ಕುಕ್ಕರಗಾಲಿನಲ್ಲಿ ಕೂತರೆ ಆ ಬಾಗು ಬಹುಮಟ್ಟಿಗೆ ನೇರವಾಗುತ್ತದೆ. ಕಮೋಡ್ ಇರುವವರು ಪಾದದ ಕೆಳಗೆ ಗಿಡ್ಡ ಸ್ಟೂಲ್ ಇಟ್ಟುಕೊಳ್ಳಬಹುದು.

ಗುದದ್ವಾರದ ಒಳಗೆ ಒಂದು ಗಡಿಗೆರೆ ಇದೆ. ಅದರ ಮೇಲಿನ ಪದರಕ್ಕೆ ಗಾಯವಾದರೂ ನೋವು ತಿಳಿಯುವುದಿಲ್ಲ, ಕೆಳಗಿನದಕ್ಕೆ ಸೂಜಿ ತಾಗಿದರೂ ಪ್ರಾಣ ಹೋಗುತ್ತದೆ. ಒಳಗಿನ ಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುವುದು, ಸಣ್ಣ ಫಿಶರ್ (ಗುದದ್ವಾರದ ಬಿರುಕು) ಕಣ್ಣೀರು ತರಿಸುವುದು ಇದರಿಂದಲೇ. ಆದರೆ ನೋವಿಲ್ಲದ ರಕ್ತವೆಲ್ಲ ಪೈಲ್ಸ್ ಅಲ್ಲ. ‘ಗ್ಯಾರಂಟಿ ಚಿಕಿತ್ಸೆ’ ಬೋರ್ಡು ನೋಡಿ ಒಳಗೆ ಹೋಗುವ ಮುಂಚೆ ಒಬ್ಬ ಡಾಕ್ಟರ್ ಪರೀಕ್ಷೆ ಮಾಡಲಿ.

ಈ ದಾರಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಮಲಬದ್ಧತೆಗೆ ಹೊಟ್ಟೆ ನೀವುವವರು ಇದೇ ದಿಕ್ಕಿನಲ್ಲಿ ನೀವಬೇಕು: ಬಲಗಡೆ ಮೇಲಕ್ಕೆ, ಅಡ್ಡ, ಎಡಗಡೆ ಕೆಳಕ್ಕೆ. ಗರ್ಭಿಣಿಯರು, ಹರ್ನಿಯಾ ಇರುವವರು, ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಮಾಡಬಾರದು. ಹೊತ್ತು ಬೇಕಾದರೆ ಬೆಳಗಿನ ತಿಂಡಿಯ ನಂತರ ಒಳ್ಳೆಯದು. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಕಾಫಿ ಅದನ್ನು ಇನ್ನಷ್ಟು ಕೆಣಕುತ್ತದೆ. ‘ಕಾಫಿ ಕುಡಿದ್ರೇನೇ ಆಗೋದು’ ಅನ್ನುವ ಮನೆಯ ಹಿರಿಯರ ಮಾತು ಸುಳ್ಳಲ್ಲ.

ಎನಿಮಾ ಕೊಡುವಾಗ ನರ್ಸ್ ಎಡಮಗ್ಗುಲಿಗೆ ಮಲಗಿ ಅನ್ನುವುದು ಸಿಗ್ಮಾಯ್ಡ್ ಎಡಗಡೆ ಇರುವುದಕ್ಕೆ. ಕೊಲೊನೊಸ್ಕೋಪಿಯ ಟ್ಯೂಬು ಇಡೀ ದಾರಿಯನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತದೆ, ಅಂದರೆ ನಾವು ಮುಗಿಸಿದ ಕಡೆಯಿಂದ ಶುರು ಮಾಡಿ ಸೀಕಮ್ಮಿಗೆ ಬರುತ್ತದೆ. ರಿಪೋರ್ಟ್ ಕೈಗೆ ಬಂದಾಗ ಮೊದಲು ಹುಡುಕಬೇಕಾದ ಮಾತು ‘ಸೀಕಮ್‌ವರೆಗೆ ನೋಡಲಾಗಿದೆ’ ಎಂಬುದು. ಅಪೆಂಡಿಕ್ಸಿನ ಬಾಯಿ ಅಥವಾ ಕವಾಟದ ಫೋಟೊ ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಡುವೆಯೇ ನಿಲ್ಲಿಸಿದ್ದರೆ ಯಾಕೆ ನಿಂತಿತು, ಉಳಿದ ಭಾಗವನ್ನು ಯಾವಾಗ, ಹೇಗೆ ನೋಡುತ್ತಾರೆ ಎಂದು ಅಲ್ಲೇ ಕೇಳಿ.